ಪ್ರಾರ್ಥನೆಯೂ ಬೇಕು, ಸಿದ್ಧತೆಯೂ ಬೇಕು: ಮಗುವನ್ನು ಎದುರುನೋಡುವ ದಂಪತಿಗಳಿಗೆ

ಪ್ರಿಯರೇ, ದಯವಿಟ್ಟು ಆದಿಕಾಂಡ 35ನೇ ಅಧ್ಯಾಯ ತೆಗೆಯಿರಿ.

ರಾಹೇಲಳು ಮಗುವಿಗಾಗಿ ಬಹಳ ಹಂಬಲಿಸಿದವಳು. ದೇವರು ಆಕೆಯ ಮೊರೆ ಕೇಳಿ ಯೋಸೇಫನನ್ನು ಕೊಟ್ಟರು. ಎರಡನೇ ಹೆರಿಗೆ ಮಾತ್ರ ಪ್ರಯಾಣದಲ್ಲಿ, ಎಫ್ರಾತದ ದಾರಿಯಲ್ಲೇ ಬಂತು. ಸೂಲಗಿತ್ತಿ ಪಕ್ಕದಲ್ಲೇ ಇದ್ದಳು. ಆದರೂ ಬೆನ್ಯಾಮೀನ ಹುಟ್ಟಿದ, ತಾಯಿ ತೀರಿಕೊಂಡಳು. ಆಕೆಗೆ ವಿಶ್ವಾಸ ಕಡಿಮೆ ಇತ್ತು ಅಂತ ಸತ್ಯವೇದ ಹೇಳಲ್ಲ, ಗಮನಿಸಿ. ಪ್ರಾರ್ಥನೆ ಮಾಡುವ ಮನೆಯಲ್ಲೂ ಹೆರಿಗೆ ಕಷ್ಟವಾಗಬಹುದು. ಅಂದು ರಕ್ತ ಕೊಡೋಕೆ, ಆಪರೇಷನ್ ಮಾಡೋಕೆ ಯಾರೂ ಇರಲಿಲ್ಲ. ಇಂದು ಇದ್ದಾರೆ, ನಾವು ಸಮಯಕ್ಕೆ ತಲುಪಬೇಕು, ಅಷ್ಟೇ.

ನಮ್ಮ ಕೆಂಭಾವಿ ಕಡೆ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಬೆಂಗಳೂರಲ್ಲಿ ದುಡಿಯೋ ಎಷ್ಟೋ ತಮ್ಮಂದಿರು ಕುಬುಸ ಮುಗಿಸಿ ಹೆಂಡತಿಯನ್ನ ಊರಿಗೆ ಕಳಿಸ್ತಾರೆ. ಒಳ್ಳೇದು. ಆದ್ರೆ "ಇನ್ನು ಅತ್ತಿ ನೋಡ್ಕೋತಾರ" ಅಂತ ಕೈಬಿಡಬ್ಯಾಡ್ರಿ. ಕಳಿಸೋ ಮುಂಚೆ ಇಬ್ಬರೂ ಕೂತು ನಾಲ್ಕು ಮಾತು ತೀರ್ಮಾನ ಮಾಡ್ರಿ.

ಮೊದಲನೇದು, ಎಲ್ಲಿ? ಊರಿನ ಆಸ್ಪತ್ರೆಯಲ್ಲೇ ಸಾಕಾ, ಸುರಪುರದ ತಾಲೂಕು ಆಸ್ಪತ್ರೆಗೋ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೋ ಹೋಗಬೇಕಾ ಅಂತ ಡಾಕ್ಟರನ್ನೇ ಕೇಳ್ರಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ. ಊರಿಗೆ ಬಂದ ಕೂಡಲೇ ಆಶಾ ಅಕ್ಕನಿಗೆ ತಿಳಿಸ್ರಿ.

ಎರಡನೇದು, ಹೇಗೆ? 108 ಉಚಿತ. ಆದರೂ ಮಧ್ಯರಾತ್ರಿ ಬರುವಂಥ ಒಂದು ಗಾಡಿ ಗೊತ್ತು ಮಾಡಿಡಿ.

ಮೂರನೇದು, ರಕ್ತ. ಆಕೆಯ ಗುಂಪು ಯಾವುದು, ಬೇಕಾದರೆ ಕೊಡೋರು ಯಾರು? ಸಭೆಯ ಯೌವನಸ್ಥರೇ, ಇದೂ ಸೇವೆ.

ನಾಲ್ಕನೇದು, "ಹೂಂ" ಅನ್ನೋರು ಯಾರು? ದೊಡ್ಡಾಸ್ಪತ್ರೆಗೆ ಹೋಗ್ರಿ ಅಂದಾಗ ಗಂಡ ಬರಲಿ ಅಂತ ಕಾಯೋದು ಬೇಡ.

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಅಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲಾ ಉಚಿತ. ಕಬ್ಬಿಣಾಂಶದ ಮಾತ್ರೆ 180 ದಿನ ಬಿಡದೆ ನುಂಗಬೇಕು. ರಕ್ತಹೀನತೆ ಇದ್ದವರಿಗೆ ಸ್ವಲ್ಪ ರಕ್ತ ಹೋದರೂ ಅಪಾಯ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗೋದು, ಮುಖ ಊದೋದು, ಫಿಟ್ಸ್, ನೀರು ಹೋಗೋದು, ಮಗುವಿನ ಮಿಸುಕಾಟ ಕಡಿಮೆಯಾಗೋದು: ಇದರಲ್ಲಿ ಒಂದು ಕಂಡರೂ ತಕ್ಷಣ ಹೊರಡಿ. ಪ್ರಾರ್ಥನೆ ಗಾಡಿಯಲ್ಲಿ ಕೂತು ಮಾಡಬಹುದು.

"ಮಾತ್ರೆ ನುಂಗಿದ್ರೆ ವಿಶ್ವಾಸ ಇಲ್ಲ ಅಂತನಾ?" ಅಂತ ಕೆಲವರು ಕೇಳ್ತಾರೆ. ಯೇಸುವಿನ ಜನನವನ್ನು ನಮಗೆ ಬರೆದುಕೊಟ್ಟ ಲೂಕನೇ ವೈದ್ಯ (ಕೊಲೊಸ್ಸೆ 4:14). ಊರು ಬಿಟ್ಟು ಊರಿಗೆ ಬಂದ ಮರಿಯಳ ಹತ್ತಿರ ಮಗುವನ್ನು ಸುತ್ತೋ ಬಟ್ಟೆ ಇತ್ತು. ಸಿಸೇರಿಯನ್ ಆದ ತಂಗಿಗೆ "ನಿನ್ನ ಪ್ರಾರ್ಥನೆ ಸಾಲಲಿಲ್ಲ" ಅಂತ ಯಾರೂ ಅನ್ನಬಾರದು. ಆ ಮಾತು ಆಕೆಯ ಗಾಯಕ್ಕಿಂತ ಆಳ ಹೋಗುತ್ತೆ.

ಈ ವಾರ ಆ ನಾಲ್ಕು ಉತ್ತರ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡ್ ಒಳಗೆ ಇಡಿ. ಅದರ ಮೇಲೆ ಇಬ್ಬರೂ ಕೈಯಿಟ್ಟು ಪ್ರಾರ್ಥಿಸಿ. ಕರ್ತನು ತಾಯಿಯನ್ನೂ ಮಗುವನ್ನೂ ಕಾಪಾಡಲಿ. ಆಮೆನ್.