ಇಬಿವಿ ಇರುವ ಲಿಂಫೋಮಾ ಅಂಟುತ್ತದೆಯೇ?

ಪ್ರಶ್ನೆ: ತಮ್ಮನಿಗೆ ಹಾಡ್ಜ್‌ಕಿನ್ ಲಿಂಫೋಮಾ. ಬಯಾಪ್ಸಿ ವರದಿಯಲ್ಲಿ ‘ಇಬಿವಿ ಪಾಸಿಟಿವ್’ ಎಂದಿದೆ. ಮಕ್ಕಳನ್ನು ಅವನಿಂದ ದೂರ ಇಡಬೇಕೇ?
– ಓದುಗರು, ಬಿಕ್ಕೋಡು

ಉತ್ತರ: ಬೇಡಮ್ಮ, ಕ್ಯಾನ್ಸರ್ ಅಂಟುವುದಿಲ್ಲ. ಇಬಿವಿ, ಅಂದರೆ ಎಪ್‌ಸ್ಟೀನ್-ಬಾರ್ ವೈರಸ್, ಎಂಜಲಿನಿಂದ ಹರಡುವುದು ನಿಜ. ಆದರೆ ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಅದು ತೆಪ್ಪಗೆ ಇರುತ್ತದೆ. 1964ರಲ್ಲಿ ಬರ್ಕಿಟ್ ಎಂಬ ಇನ್ನೊಂದು ಬಗೆಯ ಲಿಂಫೋಮಾದ ಕೋಶಗಳಲ್ಲಿ ಇದನ್ನು ಮೊದಲು ಕಂಡರು. ಕೆಲವೇ ಕೆಲವರಲ್ಲಿ ಈ ವೈರಸ್ಸಿನ ಎಲ್‌ಎಂಪಿ-1 ಎಂಬ ಪ್ರೋಟೀನು, ಸಾಯಬೇಕಾದ ಬಿ-ಕೋಶಕ್ಕೆ (ಒಂದು ಬಗೆಯ ಬಿಳಿ ರಕ್ತಕಣ) ಬದುಕಿ ಬೆಳೆಯುವ ಸಂಕೇತ ಕೊಡುತ್ತಲೇ ಇರುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಅಪಾಯ ಹೆಚ್ಚು. ಎಚ್‌ಐವಿ ಆ ಶಕ್ತಿಯನ್ನು ಕುಂದಿಸುತ್ತದೆ; ಇಂಥ ರೋಗಿಗಳಿಗೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ಅದಕ್ಕೇ.

ವೈರಸ್ ಇದ್ದರೂ ಮುಖ್ಯ ಚಿಕಿತ್ಸೆ ಕೀಮೋಥೆರಪಿಯೇ; ಹೆಚ್ಚಿನವರು ಗುಣವಾಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಚಿಕಿತ್ಸೆ ಲಭ್ಯ, ತಡಮಾಡಬೇಡಿ. ಕೀಮೋ ದಿನಗಳಲ್ಲಿ ಕಾಪಾಡಬೇಕಾದದ್ದು ತಮ್ಮನನ್ನು: ಶೀತ, ಜ್ವರವಿದ್ದವರು ಹತ್ತಿರ ಹೋಗಬಾರದು. ತಮ್ಮನಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.