ಒಂದೇ ವರ್ಷಕ್ಕೆ ನಾಲ್ಕು ಜಿಡಿಪಿ: ಯಾವುದನ್ನು ನಂಬುವುದು?

ಪ್ರಶ್ನೆ: 2023-24ರಲ್ಲಿ ದೇಶದ ಆರ್ಥಿಕತೆ ಶೇ 7.3ರಷ್ಟು ಬೆಳೆಯಿತು ಎಂದು ಪತ್ರಿಕೆಯಲ್ಲಿ ಓದಿದ್ದೆ. ಆಮೇಲೆ 7.6 ಎಂದರು, 8.2 ಎಂದರು, ಕೊನೆಗೆ 9.2 ಎಂದರು. ಆ ವರ್ಷ ನಮ್ಮ ರಾಜ್ಯದಲ್ಲಿ ಬರ. ಇವುಗಳಲ್ಲಿ ಯಾವುದು ನಿಜ? ನಂಬುವಂಥ ಲೆಕ್ಕ ಎಲ್ಲಿ ಸಿಗುತ್ತದೆ?
– ಓದುಗರೊಬ್ಬರು, ರಬಕವಿ-ಬನಹಟ್ಟಿ

ಉತ್ತರ: ನಾಲ್ಕು ಅಂಕಿಗಳನ್ನು ನೆನಪಿಟ್ಟು ಹೋಲಿಸಿ ನೋಡಿದ್ದೀರಿ, ಸಂತೋಷ. ಹಾಗೆ ಹೋಲಿಸಿದವರಿಗೆ ಗೊಂದಲವಾಗುವುದು ಸಹಜ. ನಾಲ್ಕೂ ಅಂಕಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವೇ. ಬೇರೆ ಬೇರೆ ಹೊತ್ತಿನಲ್ಲಿ ಹಾಕಿದ ಲೆಕ್ಕ, ಅಷ್ಟೆ.

ನಿಮ್ಮ ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಹೊಲಗಳನ್ನೇ ನೋಡಿ. ನಿಂತ ಬೆಳೆ ನೋಡಿ ‘ಎಕರೆಗೆ 40 ಟನ್ ಬಂದೀತು’ ಎನ್ನುತ್ತೇವೆ. ಅರ್ಧ ಕಟಾವಾದಾಗ ಮಾತು ತುಸು ಬದಲಾಗುತ್ತದೆ. ಕೊನೆಯ ಟ್ರ್ಯಾಕ್ಟರ್ ತೂಕವಾಗಿ, ಚೀಟಿಗಳನ್ನೆಲ್ಲ ಕೂಡಿಸಿದ ಮೇಲೆ 44 ಟನ್ ಎಂದು ತಿಳಿಯುತ್ತದೆ. ಮೊದಲು ಹೇಳಿದವರು ಸುಳ್ಳು ಹೇಳಿದರು ಎಂದು ಯಾರೂ ಜಗಳ ತೆಗೆಯುವುದಿಲ್ಲ.

ಜಿಡಿಪಿಯದೂ ಇದೇ ಕಥೆ. 2024ರ ಜನವರಿಯಲ್ಲಿ, ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳು ಬಾಕಿ ಇರುವಾಗಲೇ, ಬಜೆಟ್‌ಗೆ ಬೇಕೆಂದು ಹಾಕಿದ ಮೊದಲ ಮುಂಗಡ ಅಂದಾಜು 7.3. ಫೆಬ್ರುವರಿಯ ಎರಡನೇ ಅಂದಾಜು 7.6. ವರ್ಷ ಮುಗಿದ ಮೇಲೆ, ಮೇ 31ರಂದು ಬಂದ ತಾತ್ಕಾಲಿಕ ಅಂದಾಜು 8.2. ಕಂಪನಿಗಳ ಮತ್ತು ಸರ್ಕಾರಗಳ ಲೆಕ್ಕಪತ್ರ ಇನ್ನಷ್ಟು ಪೂರ್ಣವಾಗಿ ಕೈಸೇರಿದ ಮೇಲೆ, 2025ರ ಫೆಬ್ರುವರಿಯಲ್ಲಿ ಬಂದ ಪರಿಷ್ಕೃತ ಅಂದಾಜು 9.2. ಸಾಮಾನ್ಯವಾಗಿ ತೀರಾ ಇತ್ತೀಚಿನದನ್ನೇ ಹಿಡಿಯಬೇಕು.

ಇನ್ನು ಬರದ ಮಾತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಆದರೆ ಜಿಡಿಪಿ ಇಡೀ ದೇಶದ, ಎಲ್ಲ ಕಸುಬುಗಳ ಒಟ್ಟು ಲೆಕ್ಕ. ಮೇ ತಿಂಗಳ ಪ್ರಕಟಣೆಯಲ್ಲೇ ತಯಾರಿಕೆ ಮತ್ತು ನಿರ್ಮಾಣ ವಲಯಗಳ ಬೆಳವಣಿಗೆ ತಲಾ ಶೇ 9.9 ಇದ್ದರೆ, ಕೃಷಿಯದು ಶೇ 1.4 ಮಾತ್ರ. ನೀವು ಕಂಡ ಬರವೂ ನಿಜ, ಒಟ್ಟು ಅಂಕಿಯೂ ನಿಜ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳೋಣ. ಅದೇ ಪ್ರಕಟಣೆಯಲ್ಲಿ 8.2ರ ಪಕ್ಕದಲ್ಲಿ 9.6 ಎಂಬ ಬೆಳವಣಿಗೆಯೂ ಇತ್ತು. ಮಗ್ಗದ ಲೆಕ್ಕದಲ್ಲಿ ಹೇಳುತ್ತೇನೆ. ಹೋದ ವರ್ಷ 100 ಸೀರೆ ನೇಯ್ದು, ಒಂದಕ್ಕೆ 1,000 ರೂಪಾಯಿಯಂತೆ ಮಾರಿದಿರಿ: ಒಂದು ಲಕ್ಷ. ಈ ವರ್ಷ 105 ಸೀರೆ, ಒಂದಕ್ಕೆ 1,100 ರೂಪಾಯಿ: 1,15,500. ಹಣ ಶೇ 15.5 ಹೆಚ್ಚಿತು, ನೇಯ್ಗೆ ಹೆಚ್ಚಿದ್ದು ಶೇ 5 ಮಾತ್ರ. 9.6 ಹಣದ ಲೆಕ್ಕ. 8.2 ಬೆಲೆ ಏರಿಕೆಯನ್ನು ಕಳೆದ ಲೆಕ್ಕ. ಆಗ ಅದನ್ನು 2011-12ರ ಬೆಲೆಗಳಲ್ಲಿ ಹಾಕುತ್ತಿದ್ದರು. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಸಾಮಾನ್ಯವಾಗಿ ಈ ಎರಡನೆಯದು.

ಮಾಹಿತಿ ಎಲ್ಲಿ ಸಿಗುತ್ತದೆ? ದೇಶದ ಜಿಡಿಪಿ ಮತ್ತು ಚಿಲ್ಲರೆ ಬೆಲೆ ಏರಿಕೆಗೆ ಕೇಂದ್ರ ಸಾಂಖ್ಯಿಕ ಸಚಿವಾಲಯದ ಪ್ರಕಟಣೆ ನೋಡಿ. ಬೆಲೆಯ ಅಂಕಿ ಸಾಮಾನ್ಯವಾಗಿ ತಿಂಗಳ 12ರಂದು ಬರುತ್ತದೆ. ಬಡ್ಡಿ, ಸಾಲ, ಬ್ಯಾಂಕಿನ ವಿಷಯಕ್ಕೆ ರಿಸರ್ವ್ ಬ್ಯಾಂಕ್. ರಾಜ್ಯದ್ದಕ್ಕೆ ಬಜೆಟ್ ಹೊತ್ತಿಗೆ ಬರುವ ಕರ್ನಾಟಕ ಆರ್ಥಿಕ ಸಮೀಕ್ಷೆ. ತಾಲ್ಲೂಕಿನ ಅಂಕಿ-ಅಂಶಗಳಿಗೆ ಬಾಗಲಕೋಟೆಯ ಜಿಲ್ಲಾ ಸಾಂಖ್ಯಿಕ ಕಚೇರಿ. ಮಹಾಲಿಂಗಪುರದ ಬೆಲ್ಲದಂಥ ಮಾರುಕಟ್ಟೆ ಧಾರಣೆಗೆ ಕೃಷಿ ಮಾರಾಟ ವಾಹಿನಿ ಜಾಲತಾಣ. ಮೊಬೈಲ್‌ನಲ್ಲಿ ಓಡಾಡುವ ಅಂಕಿಯನ್ನು ಇವುಗಳ ಜೊತೆ ತಾಳೆ ನೋಡಿದರೆ ಸಾಕು.

2025-26ರ ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ನಿಗದಿ ಮಾಡುವ ಕನಿಷ್ಠ ದರ) ಟನ್ನಿಗೆ 3,550 ರೂಪಾಯಿ ಎಂದ ಕೂಡಲೇ ನಿಮ್ಮ ಕಡೆಯ ರೈತರು ‘ರಿಕವರಿ ಎಷ್ಟಕ್ಕೆ? ಕಟಾವು, ಸಾಗಣೆ ಯಾರ ತಲೆಗೆ?’ ಎಂದು ಕೇಳುತ್ತಾರೆ. ಅದು ಶೇ 10.25 ರಿಕವರಿಯ (ಸಕ್ಕರೆ ಇಳುವರಿಯ) ದರ, ಕಟಾವು-ಸಾಗಣೆ ಖರ್ಚು ಅದರೊಳಗೇ ಬರುತ್ತದೆ ಎಂಬುದು ಅವರಿಗೆ ಗೊತ್ತು. ಜಿಡಿಪಿಯನ್ನೂ ಹೀಗೆಯೇ ಕೇಳಿ: ಯಾವ ತಿಂಗಳ ಅಂದಾಜು? ಬೆಲೆ ಏರಿಕೆ ಕಳೆದದ್ದೋ, ಕಳೆಯದ್ದೋ? ದೇಶದ್ದೋ, ರಾಜ್ಯದ್ದೋ, ಯಾವ ಕಸುಬಿನದು?