ಮರ ಒಣಗಿದ್ದು ಈ ದುಂಬಿಯಿಂದಲೇ?

ಈ ಸಂಚಿಕೆಗೆ ಬಂದ ಪತ್ರಗಳೆಲ್ಲ ದಾವಣಗೆರೆ ಜಿಲ್ಲೆಯವು. ಎಲ್ಲವೂ ತೊಗಟೆಯ ಕೆಳಗೆ, ಮರದೊಳಗೆ ಸಿಗುವ ಎರಡು ಮೂರು ಮಿಲಿಮೀಟರಿನ ದುಂಬಿಗಳ ಬಗ್ಗೆಯೇ ಇವೆ. ಉತ್ತರಿಸಿದವರು ನಮ್ಮ ಕೀಟತಜ್ಞರು.

ಪ್ರಶ್ನೆ: ನಮ್ಮ ಅಡಿಕೆ ತೋಟದ ಪಡುವಣ ಅಂಚಿನ ಕೆಲವು ಮರಗಳ ಕಾಂಡದಲ್ಲಿ ಗುಂಡುಸೂಜಿ ಹೋಗುವಷ್ಟು ಸಣ್ಣ ತೂತುಗಳಾಗಿವೆ. ಬೆಳಗ್ಗೆ ಹೋಗಿ ನೋಡಿದರೆ ತೂತಿನಿಂದ ಬಿಳಿ ಪುಡಿ ಉದುರಿರುತ್ತದೆ. ಎರಡು ಮರಗಳ ಸೋಗೆ ಆಗಲೇ ಹಳದಿಯಾಗಿ ಜೋತಿದೆ. ಅಂಗಡಿಯವರು ಎಲ್ಲ ಮರಕ್ಕೂ ಔಷಧಿ ಹೊಡೆಯಿರಿ ಅನ್ನುತ್ತಾರೆ. ಇದು ಯಾವ ಹುಳ? ಹೊಡೆಯಲೇ?
— ಅಡಿಕೆ ಬೆಳೆಗಾರರು, ಚನ್ನಗಿರಿ

ಉತ್ತರ: ದಯವಿಟ್ಟು ಈಗಲೇ ಹೊಡೆಯಬೇಡಿ. ಮೊದಲು ಯಾರು ಬಂದಿದ್ದಾರೆ, ಯಾಕೆ ಬಂದಿದ್ದಾರೆ ಎಂದು ನೋಡೋಣ.

ತೊಗಟೆ ದುಂಬಿಗಳಲ್ಲಿ ಎರಡು ಕಸುಬಿನವರಿದ್ದಾರೆ. ಕೆಲವು ತೊಗಟೆಯ ಒಳಪದರವನ್ನೇ ತಿಂದು ಬದುಕುತ್ತವೆ. ಇನ್ನು ಕೆಲವು ಮರ ಕೊರೆದು ಒಳಗೆ ಹೋಗುತ್ತವೆ, ಆದರೆ ಮರವನ್ನು ತಿನ್ನುವುದಿಲ್ಲ. ಕೊರೆದ ಸುರಂಗದ ಗೋಡೆಗೆ ಒಂದು ಜಾತಿಯ ಶಿಲೀಂಧ್ರವನ್ನು ಬಿತ್ತಿ ಬೆಳೆಸಿ, ಅದನ್ನೇ ಉಣ್ಣುತ್ತವೆ, ಮರಿಗಳಿಗೂ ಅದೇ ಆಹಾರ. ಇವುಗಳಿಗೆ ಆಂಬ್ರೋಸಿಯಾ ದುಂಬಿ ಎಂದು ಹೆಸರು. ಅಡಿಕೆ, ತೆಂಗು ಏಕದಳ ಸಸ್ಯಗಳು. ಮಾವು, ಬೇವಿಗೆ ಇರುವಂಥ ನಿಜವಾದ ತೊಗಟೆ ಅವಕ್ಕೆ ಇಲ್ಲ. ಆದ್ದರಿಂದ ನಿಮ್ಮ ಅಡಿಕೆ ಕಾಂಡದಲ್ಲಿ ಸೂಜಿತೂತು ಮಾಡಿ ಬಿಳಿ ಪುಡಿ ಹೊರಹಾಕುತ್ತಿರುವುದು ಎರಡನೆಯ ಗುಂಪಿನದೇ ಎಂದು ಧೈರ್ಯವಾಗಿ ಹೇಳಬಹುದು. ಹೆಚ್ಚಾಗಿ ಝೈಲೆಬೊರಸ್ ಮತ್ತು ಅದರ ಹತ್ತಿರದ ಬಂಧುಗಳು ಹೀಗೆ ಮಾಡುತ್ತವೆ.

ಇವುಗಳ ಸಂಸಾರ ಬಹಳ ವಿಶೇಷ. ಬೀಜಕಗಳನ್ನು ಮೈಯೊಳಗಿನ ಪುಟ್ಟ ಚೀಲದಲ್ಲಿ ಹೊತ್ತು ತರುವುದು ಹೆಣ್ಣು. ಗಂಡು ಗಾತ್ರದಲ್ಲಿ ಚಿಕ್ಕದು, ಹಾರಲಾರದು, ಒಂದು ಗೂಡಿಗೆ ಒಂದೋ ಎರಡೋ ಇದ್ದರೆ ಹೆಚ್ಚು. ಅದು ಗೂಡಿನೊಳಗೇ ತನ್ನ ಸೋದರಿಯರೊಡನೆ ಕೂಡುತ್ತದೆ. ಹೊರಗೆ ಹಾರಿಬರುವ ಪ್ರತಿ ಹೆಣ್ಣೂ ಗರ್ಭ ಕಟ್ಟಿಕೊಂಡೇ ಬಂದಿರುವುದರಿಂದ ಹೊಸ ಮರದಲ್ಲಿ ಸಂಸಾರ ಹೂಡಲು ಒಂದೇ ಒಂದು ದುಂಬಿ ಸಾಕು.

ಅದು ನಿಮ್ಮ ತೋಟದ ಅಂಚಿನ ಮರಗಳನ್ನೇ ಯಾಕೆ ಆರಿಸಿತು? ಸಂಕಟದಲ್ಲಿರುವ ಮರದೊಳಗೆ ಎಥನಾಲ್ ಎಂಬ ಮದ್ಯಸಾರ ಉಂಟಾಗಿ ಅದರ ವಾಸನೆ ಹೊರಗೆ ಬರುತ್ತದೆ. ದುಂಬಿ ಆ ವಾಸನೆ ಹಿಡಿದು ಬರುತ್ತದೆ. ಪಡುವಣ ಅಂಚಿನ ಮರಗಳಿಗೆ ಮಧ್ಯಾಹ್ನದ ಇಳಿಬಿಸಿಲು ನೇರವಾಗಿ ಹೊಡೆದು ಕಾಂಡ ಸುಟ್ಟು ಸೀಳಿರುತ್ತದೆ. ಭದ್ರಾ ನಾಲೆಯ ನೀರು ನಿಲ್ಲುವ ತಗ್ಗು ತೋಟವಾದರೆ ಬೇರು ಉಸಿರುಗಟ್ಟಿರಬಹುದು. ಬುಡದಲ್ಲಿ ಅಣಬೆ ರೋಗ ಹತ್ತಿದೆಯೇ ಎಂದೂ ನೋಡಿ. ಮರವನ್ನು ಕೆಡವಿದ್ದು ಇವುಗಳಲ್ಲೊಂದು, ದುಂಬಿ ಬಂದದ್ದು ಆಮೇಲೆ ಎಂಬುದೇ ನನ್ನ ಅನುಮಾನ. ಸುರಂಗದೊಳಗೆ ಶಿಲೀಂಧ್ರ ಉಣ್ಣುತ್ತಾ ಕೂತ ಮರಿಗೆ ಕಾಂಡದ ಮೇಲೆ ಹೊಡೆದ ಔಷಧಿ ತಾಕುವುದೂ ಇಲ್ಲ. ಪೂರ್ತಿ ಒಣಗಿದ ಮರ ಕಡಿದು ತೋಟದಿಂದ ಸಾಗಿಸಿ ಸುಟ್ಟುಬಿಡಿ, ಅಲ್ಲೇ ಗುಡ್ಡೆ ಹಾಕಬೇಡಿ. ಬಸಿಗಾಲುವೆ ತೆಗೆಯಿರಿ. ಬಿಸಿಲು ಬೀಳುವ ಬದಿಯ ಕಾಂಡಗಳಿಗೆ ಅಡಿಕೆ ಹಾಳೆ ಅಥವಾ ಸೋಗೆ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಗಾಳಿಗೆ ಮುರಿದುಬಿದ್ದ ಮಾವಿನ ಕೊಂಬೆಯ ತೊಗಟೆ ಎಬ್ಬಿಸಿದಾಗ ಮೂರು ಬಗೆಯ ಪುಟ್ಟ ದುಂಬಿಗಳು ಸಿಕ್ಕವು: ಕಂದು ಬಣ್ಣದ ಉರುಟಾದದ್ದು, ಹೊಳೆಯುವ ಕಪ್ಪು ಚಪ್ಪಟೆಯದು, ಕಾಗದದಷ್ಟು ತೆಳ್ಳಗಿನದು. ಎಲ್ಲವೂ ತೊಗಟೆ ದುಂಬಿಗಳೇ? ಗುರುತಿಸುವುದು ಹೇಗೆ ಸರ್?
— ಹೊನ್ನಾಳಿ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ಸಿಕ್ಕ ಹುಳಗಳನ್ನೆಲ್ಲ ಒಂದೇ ರಾಶಿಗೆ ಹಾಕದೆ ಮೂರಾಗಿ ಬೇರೆ ಮಾಡಿದ್ದೀರಿ. ವರ್ಗೀಕರಣ ಶುರುವಾಗುವುದು ಅಲ್ಲಿಂದಲೇ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಒಂದಿದ್ದರೆ ಸಾಕು. ಮೊದಲು ಮೀಸೆ ನೋಡಿ. ಉರುಟು ಕಂದು ದುಂಬಿಯ ಮೀಸೆ ಮೊಣಕೈಯಂತೆ ಮಡಿಚಿ, ತುದಿಯಲ್ಲಿ ಗಟ್ಟಿಯಾದ ಒಂದೇ ಗಂಟು ಇದ್ದರೆ ಅದು ಸ್ಕೋಲಿಟಿನೇ ಉಪಕುಟುಂಬದ್ದು, ನಿಜವಾದ ತೊಗಟೆ ದುಂಬಿ. ಮೀಸೆ ನೇರವಾಗಿದ್ದು ತುದಿಯ ಮೂರು ಗಿಣ್ಣುಗಳು ಬಿಡಿಬಿಡಿಯಾಗಿ ಒಂದೇ ಪಕ್ಕಕ್ಕೆ ಚಾಚಿದ್ದರೆ ಅದು ಬಾಸ್ಟ್ರಿಕಿಡೇ, ನಾವು ಕುಟ್ಟೆ ಅನ್ನುವ ಹುಳಗಳ ಕುಟುಂಬ. ಆಮೇಲೆ ಮೇಲಿನಿಂದ ನೋಡಿ, ತಲೆ ಕಾಣುತ್ತದೆಯೇ? ಬಾಸ್ಟ್ರಿಕಿಡೇಯಲ್ಲಿ ಹೆಚ್ಚಿನವುಗಳದು ಎದೆಯ ಕೆಳಗೆ ಅಡಗಿರುತ್ತದೆ. ತಲೆ ಎದೆಯಷ್ಟೇ ಅಗಲವಾಗಿ ಎದ್ದು ಕಂಡು, ಮೈ ಉದ್ದವಾಗಿ, ಪಾದದ ಮೊದಲ ಗಿಣ್ಣು ಉಳಿದೆಲ್ಲ ಸೇರಿದಷ್ಟು ಉದ್ದವಿದ್ದರೆ ಅದು ಪ್ಲ್ಯಾಟಿಪೊಡಿನೇ. ಇದೂ ಶಿಲೀಂಧ್ರ ಬೆಳೆಸುವ ಗುಂಪೇ. ಅಮೆರಿಕದ ಉಷ್ಣವಲಯದಿಂದ ಬಂದ ಯೂಪ್ಲ್ಯಾಟಿಪಸ್ ಪ್ಯಾರಲೆಲಸ್ ಎಂಬ ಜಾತಿ ಈಗ ನಮ್ಮ ದೇಶದಲ್ಲೂ ಇದೆ. ಕೊನೆಗೆ ರೆಕ್ಕೆಪೊರೆಯ ಹಿಂಬದಿಯ ಇಳಿಜಾರನ್ನು ನೋಡಿ. ಅಲ್ಲಿನ ಮುಳ್ಳು, ಗುಬುಟು, ಕೂದಲಿನ ಸಾಲುಗಳಿಂದಲೇ ತಜ್ಞರು ಜಾತಿಯವರೆಗೆ ಹೋಗುತ್ತಾರೆ.

ಮಾವಿನಲ್ಲಿ ಸಿಗುವ ಒಂದೂವರೆ ಎರಡು ಮಿಲಿಮೀಟರಿನ ಇಂಥ ಕಂದು ದುಂಬಿಗಳಲ್ಲಿ ಕ್ರಿಫೇಲಸ್ ಮ್ಯಾಂಜಿಫೆರೆ ಒಂದು. 1914ರಲ್ಲಿ ಸ್ಟೆಬಿಂಗ್ ಎಂಬ ಅರಣ್ಯ ಕೀಟತಜ್ಞ ಇದಕ್ಕೆ ಹೆಸರಿಟ್ಟರು. ಬಹುಕಾಲ ಹೈಪೊಕ್ರಿಫೇಲಸ್ ಎಂಬ ಕುಲದಲ್ಲಿತ್ತು, ಇತ್ತೀಚೆಗೆ ಮತ್ತೆ ಕ್ರಿಫೇಲಸ್‌ಗೆ ಮರಳಿದೆ. ಪುಸ್ತಕದಲ್ಲಿ ಹುಡುಕುವಾಗ ಎರಡೂ ಹೆಸರನ್ನು ನೋಡಿ. ಇನ್ನೊಂದು ವಿಷಯ: ವುಡ್ ಮತ್ತು ಬ್ರೈಟ್ ಅವರ 1992ರ ಪ್ರಸಿದ್ಧ ಸೂಚಿಯೂ ಸೇರಿ ಹಳೆಯ ಗ್ರಂಥಗಳಲ್ಲಿ ತೊಗಟೆ ದುಂಬಿಗಳು ಪ್ರತ್ಯೇಕ ಕುಟುಂಬ. ಮರಿಹುಳುಗಳ ರಚನೆ, ಡಿಎನ್‌ಎ ಎರಡನ್ನೂ ನೋಡಿದ ಮೇಲೆ ಈಗ ಹೆಚ್ಚಿನವರು ಅವನ್ನು ಮೂತಿಹುಳುಗಳ ಕುಟುಂಬವಾದ ಕರ್ಕುಲಿಯೊನಿಡೇಯೊಳಗೆ ಸೇರಿಸುತ್ತಾರೆ. ಮೂತಿ ಇಲ್ಲದಿದ್ದರೂ ಇವು ತೆಂಗಿನ ಕೆಂಪುಮೂತಿ ಹುಳುವಿನ ನೆಂಟರೇ. ಜಗತ್ತಿನಲ್ಲಿ ಸುಮಾರು 6000 ಜಾತಿಗಳಿವೆ, ಎಲ್ಲವೂ ತೊಗಟೆಯಲ್ಲೇ ಇಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ಆಮೇಲೆ ಕೊಡಗಿನ ಕಾಫಿ ಬೆಳೆಗಾರರನ್ನು ಕಂಗೆಡಿಸಿದ ಬೆರ್ರಿ ಬೋರರ್ ಕೂಡ ಸ್ಕೋಲಿಟಿನೇಯದೇ. ಅದು ತೊಗಟೆ ಬಿಟ್ಟು ಬೀಜಕ್ಕೆ ಇಳಿದ ಕುಡಿ.

ನಿಮ್ಮ ಹೊಳೆಯುವ ಕಪ್ಪು ದುಂಬಿಯ ರೆಕ್ಕೆಪೊರೆ ಗಿಡ್ಡವಾಗಿ ಹೊಟ್ಟೆಯ ತುದಿ ಹೊರಗೆ ಕಾಣುತ್ತಿದ್ದರೆ ಅದು ಹಿಸ್ಟರಿಡೇ. ತೊಗಟೆಯಡಿಯ ಮರಿಹುಳುಗಳನ್ನು ಬೇಟೆಯಾಡಿ ತಿನ್ನುವ ನಮ್ಮ ಮಿತ್ರ. ಕಾಗದದಷ್ಟು ತೆಳ್ಳಗಿನದು ಬಹುಶಃ ಸಿಲ್ವಾನಿಡೇ ಅಥವಾ ಅದರ ನೆರೆಯ ಕುಟುಂಬದ್ದು. ಇವುಗಳಲ್ಲಿ ಹಲವು ಬೂಷ್ಟು ತಿಂದು ಬದುಕುತ್ತವೆ. ನಿಮ್ಮ ಮೂರರಲ್ಲಿ ಮರಕ್ಕೆ ಹಲ್ಲು ಹಾಕಿದ್ದು ಒಂದೇ. ಕಣ್ಣುಮುಚ್ಚಿ ಔಷಧಿ ಸುರಿದರೆ ಉಳಿದೆರಡೂ ಸಾಯುತ್ತವೆ.

ಹುಳಗಳನ್ನು ಎಥನಾಲ್‌ನಲ್ಲಿ ಹಾಕಿಡಿ. ಜೊತೆಗೆ ಊರು, ದಿನಾಂಕ, ಮರದ ಹೆಸರು, ಸಂಗ್ರಹಿಸಿದವರ ಹೆಸರು ಬರೆದ ಚೀಟಿ ಬೇಕೇ ಬೇಕು. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ. ಚೀಟಿ ಇಲ್ಲದ ಮಾದರಿ ಎಷ್ಟು ಚೆಂದವಿದ್ದರೂ ವಿಜ್ಞಾನಕ್ಕೆ ಉಪಯೋಗವಿಲ್ಲ. ಇನ್ನಷ್ಟು ಹಿಡಿಯಬೇಕೆಂದರೆ ಪ್ಲಾಸ್ಟಿಕ್ ಬಾಟಲಿಯ ಪಕ್ಕದಲ್ಲಿ ಕಿಟಕಿ ಕತ್ತರಿಸಿ, ಒಳಗೆ ಕೈಗೆ ಹಚ್ಚುವ ಸ್ಯಾನಿಟೈಸರ್ ಹಾಕಿ ಮರಕ್ಕೆ ನೇತುಹಾಕಿ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ಶಾಲಾ ಮಕ್ಕಳಿಂದಲೂ ಹೀಗೆ ದುಂಬಿ ಹಿಡಿಸಿದ್ದಾರೆ. ಸ್ಯಾನಿಟೈಸರಿನಲ್ಲಿರುವ ಎಥನಾಲ್‌ನ ವಾಸನೆಗೇ ದುಂಬಿ ಬರುತ್ತದೆ.

ಪ್ರಶ್ನೆ: ನಾನು ಬಡಗಿ. ಒಂದು ಹಲಗೆಯಲ್ಲಿ ಕಪ್ಪು ಅಂಚಿನ ತೂತುಗಳಿವೆ, ಪುಡಿ ಇಲ್ಲ. ಇನ್ನೊಂದರಿಂದ ದಿನವೂ ಹಿಟ್ಟು ಉದುರುತ್ತದೆ. ಗಿರಾಕಿ ಎರಡನ್ನೂ ಬೇಡ ಅನ್ನುತ್ತಾರೆ.
— ನ್ಯಾಮತಿ

ಉತ್ತರ: ಮೊದಲನೆಯದನ್ನು ಧಾರಾಳವಾಗಿ ಬಳಸಿ. ಕಪ್ಪು ಅಂಚು ಆಂಬ್ರೋಸಿಯಾ ದುಂಬಿಯ ಶಿಲೀಂಧ್ರ ಬಿಟ್ಟ ಕಲೆ. ಮರ ಹಸಿಯಿದ್ದಾಗ ಆದದ್ದು. ಒಣಗಿದ ಮರದಲ್ಲಿ ಆ ಶಿಲೀಂಧ್ರ ಬದುಕುವುದಿಲ್ಲ, ಆದ್ದರಿಂದ ದುಂಬಿಯೂ ಇರುವುದಿಲ್ಲ. ಎರಡನೆಯದು ಕುಟ್ಟೆ, ಅದು ಜೀವಂತವಾಗಿದೆ. ಬಿಳಿಗಟ್ಟಿನ ಭಾಗದಲ್ಲಿರುವ ಪಿಷ್ಟಕ್ಕಾಗಿ ಬರುತ್ತದೆ. ಆ ಹಲಗೆಯನ್ನು ಬೇರೆಯವುಗಳಿಂದ ದೂರ ಇಡಿ, ಬಿಳಿಗಟ್ಟು ಕೊಯ್ದು ತೆಗೆಯಿರಿ. ಹೊಸ ಮರವನ್ನು ಬಳಸುವ ಮುಂಚೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ. ಬಿದಿರನ್ನು ಕಡಿದ ಮೇಲೆ ನೀರಿನಲ್ಲಿ ಮುಳುಗಿಸಿಡುವ ಹಿರಿಯರ ಪದ್ಧತಿಯೂ ಪಿಷ್ಟ ಕಳೆಯುವುದಕ್ಕೇ, ಅದನ್ನು ಬಿಡಬೇಡಿ.

ಪ್ರಶ್ನೆ: ದಾಳಿಂಬೆ ಗಿಡಗಳ ಬುಡದಲ್ಲಿ ಶಾಟ್‌ಹೋಲ್ ಬೋರರ್ ತೂತುಗಳಿವೆ, ಒಂದೊಂದೇ ಗಿಡ ಸೊರಗಿ ಸಾಯುತ್ತಿದೆ. ಹಾಕಿದ ಔಷಧಿ ಹಿಡಿಯುತ್ತಿಲ್ಲ.
— ಜಗಳೂರು

ಉತ್ತರ: ಸಾಯುತ್ತಿರುವ ಒಂದು ಗಿಡದ ಬುಡವನ್ನು ಅಡ್ಡ ಕತ್ತರಿಸಿ. ಮರದೊಳಗೆ ಕಂದು ಇಲ್ಲವೇ ಬೂದುಗಪ್ಪು ಪಟ್ಟೆ ಕಂಡರೆ ಸೆರಟೊಸಿಸ್ಟಿಸ್ ಶಿಲೀಂಧ್ರದ ಸೊರಗು ರೋಗವಿರುವ ಸಾಧ್ಯತೆ ಹೆಚ್ಚು. 1990ರ ಸುಮಾರಿಗೆ ಅಂದಿನ ಬಿಜಾಪುರ ಜಿಲ್ಲೆಯಲ್ಲಿ ಕಾಣಿಸಿಕೊಂಡ ರೋಗ ಇದು. ದುಂಬಿ, ರೋಗ, ಬೇರುಗಂಟು ಜಂತುಹುಳು ಒಂದೇ ಗಿಡದಲ್ಲಿ ಜೊತೆಯಾಗಿರುವುದು ಸಾಮಾನ್ಯ. ದುಂಬಿಯ ಮೇಲಷ್ಟೇ ಕಣ್ಣಿಟ್ಟು ಔಷಧಿ ಹಾಕಿದರೆ ಹಿಡಿಯುವುದಿಲ್ಲ.

ಆದರೂ ದುಂಬಿಯನ್ನು ಕಡೆಗಣಿಸಲು ಹೇಳುತ್ತಿಲ್ಲ. ದಾಳಿಂಬೆಗೆ ಬರುವವುಗಳಲ್ಲಿ ಯೂವಲ್ಲೇಸಿಯ ಫಾರ್ನಿಕೇಟಸ್ ಮುಖ್ಯವಾದದ್ದು, ಅದು ತಕ್ಕಮಟ್ಟಿಗೆ ಆರೋಗ್ಯವಾಗಿರುವ ಗಿಡವನ್ನೂ ಕೊರೆಯಬಲ್ಲದು. ಚಹಾ ತೋಟಗಳ ಕಾಂಡ ಕೊರಕ, ಇಸ್ರೇಲ್ ಮತ್ತು ಕ್ಯಾಲಿಫೋರ್ನಿಯಾದ ಬೆಣ್ಣೆಹಣ್ಣಿನ ಮರಗಳನ್ನು ಕಾಡಿದ ದುಂಬಿ, ದಕ್ಷಿಣ ಆಫ್ರಿಕದ ಊರುಕೇರಿಯ ಮರಗಳನ್ನು ಒಣಗಿಸಿದ್ದು, ಇವೆಲ್ಲ ಒಂದೇ ಜಾತಿ ಎಂದು ಬಹಳ ಕಾಲ ತಿಳಿದಿದ್ದರು. ಕಣ್ಣಿಗೆ ಒಂದೇ ಥರ ಕಾಣುವ ಇವುಗಳಲ್ಲಿ ಹಲವು ಜಾತಿಗಳಿವೆ ಎಂದು ತೋರಿಸಿಕೊಟ್ಟದ್ದು ಡಿಎನ್‌ಎ. 2019ರ ಹೊತ್ತಿಗೆ ಹೆಸರುಗಳು ಒಂದು ನೆಲೆಗೆ ಬಂದವು: ಚಹಾದ್ದಕ್ಕೆ ಬೇರೆ ಹೆಸರು ಬಂತು, ಫಾರ್ನಿಕೇಟಸ್ ಹೆಸರು ಹಲವು ಮರಗಳಿಗೆ ಹತ್ತುವ ಜಾತಿಗೆ ಉಳಿಯಿತು. ಹಾಗಾಗಿ ಮಸೂರದಲ್ಲಿ ನೋಡಿ ಹೆಸರು ಹೇಳುವವರನ್ನು ಪೂರ್ತಿ ನಂಬಬೇಡಿ, ನನ್ನನ್ನೂ ಸೇರಿಸಿ. ದುಂಬಿಗಳನ್ನು ಎಥನಾಲ್‌ನಲ್ಲಿ, ಕತ್ತರಿಸಿದ ಬುಡದ ತುಂಡನ್ನು ಕಾಗದದಲ್ಲಿ ಸುತ್ತಿ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಜಾತಿಯ ಖಚಿತ ಗುರುತಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಸತ್ತ ಗಿಡವನ್ನು ಬೇರುಸಹಿತ ಕಿತ್ತು ಸುಡಿ. ಸೊರಗಿದ ಗಿಡ ಸವರಿದ ಕತ್ತರಿಯನ್ನು ಶುದ್ಧ ಮಾಡದೆ ಮುಂದಿನ ಗಿಡಕ್ಕೆ ಹಚ್ಚಬೇಡಿ.

ಪ್ರಶ್ನೆ: ರಂಗಯ್ಯನದುರ್ಗದ ಕಡೆ ಸತ್ತ ಮರಗಳ ತೊಗಟೆ ಉದುರಿದಲ್ಲಿ ಜರಿಹುಳುವಿನ ಆಕಾರದ ಕೆತ್ತನೆ ಕಾಣುತ್ತದೆ. ಮಕ್ಕಳಿಗೆ ಏನೆಂದು ವಿವರಿಸಲಿ?
— ಶಿಕ್ಷಕರು, ಜಗಳೂರು ತಾಲ್ಲೂಕು

ಉತ್ತರ: ನಡುವಿನ ದಪ್ಪ ಗೆರೆ ತಾಯಿ ಕೊರೆದ ಹಾದಿ, ಮೊಟ್ಟೆ ಇಟ್ಟದ್ದು ಅದರ ಎರಡೂ ಅಂಚಿನಲ್ಲಿ. ಅಲ್ಲಿಂದ ಪಕ್ಕಕ್ಕೆ ಹೊರಟ ಸಣ್ಣ ಗೆರೆ ಒಂದೊಂದೂ ಒಂದು ಮರಿಹುಳದ್ದು. ಹುಳ ಬೆಳೆದಂತೆ ಗೆರೆ ಅಗಲವಾಗುತ್ತಾ ಹೋಗಿ, ಕೊನೆಯ ಗುಳಿಯಲ್ಲಿ ಅದು ಕೋಶವಾಗುತ್ತದೆ. ಗೆರೆ ಮಧ್ಯದಲ್ಲೇ ನಿಂತಿದ್ದರೆ ಆ ಮರಿ ಅಲ್ಲೇ ಸತ್ತಿದೆ. ಹೊರಬಂದ ತೂತನ್ನೂ ಮಕ್ಕಳಿಗೆ ತೋರಿಸಿ. ಸಣ್ಣ ದುಂಡು ತೂತು ತೊಗಟೆ ದುಂಬಿಯದು, ಒಂದು ಬದಿ ಚಪ್ಪಟೆಯಾದ ಅರ್ಧಚಂದ್ರದ ತೂತು ಲೋಹದಂತೆ ಹೊಳೆಯುವ ಬ್ಯುಪ್ರೆಸ್ಟಿಡ್ ದುಂಬಿಯದು, ದೊಡ್ಡ ಅಂಡಾಕಾರದ್ದು ಬಹುತೇಕ ಉದ್ದ ಮೀಸೆಯ ದುಂಬಿಯದು.

ರಂಗಯ್ಯನದುರ್ಗ ಕೊಂಡುಕುರಿಗಾಗಿ ಮೀಸಲಿಟ್ಟ ವನ್ಯಧಾಮ. ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತೊಗಟೆ ಎಬ್ಬಿಸುವಂತಿಲ್ಲ, ಹುಳ ಹಿಡಿಯುವಂತಿಲ್ಲ. ಮಕ್ಕಳ ಮನೆಯ ಹಿತ್ತಲಿನ ಸೌದೆ ಒಟ್ಟಿಲಿನಲ್ಲಿ ಇದೇ ಕೆತ್ತನೆಗಳು ಬೇಕಾದಷ್ಟು ಸಿಗುತ್ತವೆ. ಕೆತ್ತನೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿದರೆ ಅಚ್ಚು ಬೀಳುತ್ತದೆ. ಅದರ ಕೆಳಗೆ ಮರದ ಹೆಸರು, ದಿನಾಂಕ ಬರೆಸಿ. ಒಂದು ತರಗತಿಯವರು ವರ್ಷವಿಡೀ ಮಾಡಿದ ಅಚ್ಚುಗಳನ್ನು ನಮಗೆ ಕಳುಹಿಸಿದರೆ ಒಂದೊಂದನ್ನೂ ನೋಡಿ, ಯಾವ ಗುಂಪಿನದೆಂದು ಬರೆದು ಹಿಂತಿರುಗಿಸುತ್ತೇನೆ.